ಎಣ್ಣೆ ಕುಡಿದ ಚೆಂಡು

ತಿರುಗಬೇಕಾದ ಜಾಗದಲ್ಲಿ ಚೆಂಡು ತಿರುಗಲಿಲ್ಲ.

ಅವಳು ಕೈ ಚಾಚಿದ ಭಂಗಿಯಲ್ಲೇ ಗೆರೆಯ ಹಿಂದೆ ನಿಂತು ನೋಡಿದಳು. ಕಡುನೀಲಿ ಬೌಲಿಂಗ್ ಚೆಂಡು ಹೊಳೆಯುವ ಹಲಗೆಗಳ ಮೇಲೆ ಜಾರಿತು, ಇನ್ನೂ ಜಾರಿತು, ಎಡಕ್ಕೆ ಹೊರಳಬೇಕಾದ ನಲವತ್ತನೆಯ ಅಡಿಯನ್ನೂ ದಾಟಿತು. ಕರೆದರೂ ಕೇಳದ ದನದ ಹಾಗೆ ನೆಟ್ಟಗೆ ಹೋಗಿ ಕೊನೆಯಲ್ಲಿ ಸೀಸೆಗಳಂತೆ ನಿಂತಿದ್ದ ಹತ್ತರಲ್ಲಿ ಬಲಗಡೆಯ ಮೂರು ಪಿನ್‌ಗಳನ್ನು ಕೆಡವಿ ಹಿಂದಿನ ಗುಂಡಿಗೆ ಬಿತ್ತು. ಉಳಿದ ಏಳು ಪಿನ್‌ಗಳು ನಿಂತು ಅವಳನ್ನೇ ನೋಡುತ್ತಿದ್ದವು.

"ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದರು ಸೋದರತ್ತೆ, ಬೆಂಚಿನ ಮೇಲೆ ಕೂತು ಬೂಟಿನ ಲೇಸು ಬಿಗಿಯುತ್ತ.

"ನಾನೇನಾದ್ರೂ ಅಂದ್ನಾ ಅತ್ತೆ?"

"ಅನ್ನೋಕ್ಮುಂಚೇನೇ ಹೇಳ್ದೆ. ನೀನು ನೆಲಾನ ನೋಡ್ತಿರೋ ರೀತಿ ನೋಡಿದ್ರೆ ಇನ್ನೊಂದು ಗಳಿಗೇಲಿ ಅದಕ್ಕೆ ನೋಟಿಸ್ ಕೊಡ್ತೀಯ."

ನೋಟಿಸ್ ಕೊಡುವುದು ಅವಳ ಕೆಲಸವೇ ಆಗಿತ್ತು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಅವಳು ಇನ್‌ಸ್ಪೆಕ್ಟರ್. ಮಾರುಕಟ್ಟೆಯವರು ಇಟ್ಟ ಹೆಸರು ತಕ್ಕಡಿ ಮೇಡಂ. ಹಿತ್ತಾಳೆಯ ಮಾದರಿ ತೂಕಗಳ ಪೆಟ್ಟಿಗೆ ಹಿಡಿದು ಅವಳು ಅಂಗಡಿಯೊಳಗೆ ಕಾಲಿಟ್ಟರೆ ನೆಟ್ಟಗಿದ್ದ ತಕ್ಕಡಿಯೂ ಒಮ್ಮೆ ನಡುಗುತ್ತಿತ್ತು.

ಅನುಮಾನ ಅವಳ ಅನ್ನ. ದೇವರು ಕೊಟ್ಟ ಅನ್ನವನ್ನು ಹಳಿಯಬಾರದು, ನಿಜ. ಆದರೆ ದುಡಿಮೆ ಸಂಜೆ ಮನೆಯವರೆಗೂ ಹಿಂಬಾಲಿಸಿ ಬಂದರೆ ಬಾಗಿಲಲ್ಲೇ ನಿಲ್ಲಿಸಬೇಕು. ಅವಳು ನಿಲ್ಲಿಸಿರಲಿಲ್ಲ. ಪಕ್ಕದ ಮನೆಯವರು "ಚೆನ್ನಾಗಿದ್ದೀಯಾ?" ಅಂದರೂ, ಯಾಕೆ ಕೇಳಿದರು ಎಂದು ಮೆಟ್ಟಿಲು ಹತ್ತುವವರೆಗೆ ಯೋಚಿಸುತ್ತಿದ್ದಳು. ಹಿಂದೆ ಒಬ್ಬನನ್ನು ಮಾತ್ರ ಅಳೆಯದೆ ನಂಬಿದ್ದಳು. ಮದುವೆಗೆ ಹದಿನೈದು ದಿನ ಇರುವಾಗ ಅವನು ಇನ್ನೊಬ್ಬಳ ಜೊತೆ ಊರು ಬಿಟ್ಟಿದ್ದ.

ಬೌಲಿಂಗ್ ಬಲ್ಲವರಿಗೆ ಗೊತ್ತಿರುವ ಮಾತನ್ನು ಉಳಿದವರಿಗೂ ಹೇಳಬೇಕು. ಆ ಹಲಗೆಗಳು ಕಂಡಷ್ಟು ಒಣಗಿರುವುದಿಲ್ಲ. ದಿನಾ ಬೆಳಿಗ್ಗೆ ಅವುಗಳಿಗೆ ತೆಳ್ಳಗೆ ಎಣ್ಣೆ ಬಳಿಯುತ್ತಾರೆ. ಲೇನ್ ಎನ್ನುವ ಅರವತ್ತು ಅಡಿ ದಾರಿಯಲ್ಲಿ ಮೊದಲ ನಲವತ್ತಕ್ಕೆ, ಅದರಲ್ಲೂ ನಡುವೆ ಹೆಚ್ಚು, ಅಂಚಿಗೆ ಕಡಿಮೆ. ಎಣ್ಣೆಯಲ್ಲಿ ಚೆಂಡು ಜಾರುತ್ತದೆ, ಒಣನೆಲ ಸಿಕ್ಕಾಗ ಹಿಡಿದು ಹೊರಳುತ್ತದೆ. ಎಣ್ಣೆ ಹೆಚ್ಚಾದರೆ ಹೊರಳುವುದು ತಡ, ಕಡಿಮೆಯಾದರೆ ಆತುರ. ಇಷ್ಟಾಗಿಯೂ ಆ ಎಣ್ಣೆ ಯಾರ ಕಣ್ಣಿಗೂ ಕಾಣುವುದಿಲ್ಲ.

ಕಣ್ಣಿಗೆ ಕಾಣದ್ದು ಎಂದಮೇಲೆ ಅನುಮಾನ ಬಿತ್ತಲು ಅದಕ್ಕಿಂತ ಒಳ್ಳೆಯ ಹೊಲ ಬೇಕೆ?

ಗುರುವಾರ ಗುರುವಾರ ಅವಳಿಗೆ ಒಂಬತ್ತನೆಯ ಲೇನ್. ಅದಕ್ಕೆ ಎಣ್ಣೆ ಹಾಕುವವನು ಐದು ತಿಂಗಳ ಹಿಂದೆ ಕೆಲಸಕ್ಕೆ ಸೇರಿದ್ದ. ಬೆಳಿಗ್ಗೆ ಎಣ್ಣೆಯ ಮೆಷಿನ್ ಓಡಿಸುತ್ತಿದ್ದ, ಮಧ್ಯಾಹ್ನದಿಂದ ಕೌಂಟರಿನಲ್ಲಿ ಕೂತು ಚೆಂಡುಗಳ ರಿಪೇರಿ ನೋಡಿಕೊಳ್ಳುತ್ತಿದ್ದ. ಎಲ್ಲರೂ ಅವನನ್ನು ಎಣ್ಣೆಯವನು ಎನ್ನುತ್ತಿದ್ದರು. ಕುಡಿತದ ವಾಸನೆಯನ್ನೂ ಕಾಣದ ಮನುಷ್ಯನಿಗೆ ಆ ಹೆಸರು ಎಂದು ಅತ್ತೆಗೆ ಪ್ರತಿ ವಾರ ಹೊಸದಾಗಿ ನಗು ಬರುತ್ತಿತ್ತು.

ಅವಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ಯಾವ ಹಲಗೆಯ ಮೇಲೆ ಚೆಂಡು ಬಿಟ್ಟೆ, ಎಷ್ಟನೆಯ ಅಡಿಯಲ್ಲಿ ತಿರುಗಿತು, ಎಷ್ಟು ಪಿನ್ ಬಿದ್ದವು ಎಲ್ಲವೂ ಅದರಲ್ಲಿ. ಮೂರು ವಾರದಿಂದ ಅದೇ ಚೆಂಡು, ಅದೇ ಹಲಗೆ, ಅದೇ ವೇಗ. ಆದರೆ ತಿರುವು ಇಲ್ಲ. ಎದುರು ಪುಟದಲ್ಲಿ ಸಾಕ್ಷ್ಯ ಎಂಬ ತಲೆಬರಹದ ಕೆಳಗೆ ಬೇರೆ ಸಾಲುಗಳಿದ್ದವು. ಅತ್ತೆ ಅವಳ ಭುಜದ ಮೇಲಿಂದ ಬಗ್ಗಿ ಗಟ್ಟಿಯಾಗಿ ಓದಿದರು.

"'ಮೊದಲ ಗುರುವಾರ: ನಾನು ನೋಡಿದ ತಕ್ಷಣ ಬೇರೆ ಕಡೆ ನೋಡಿದ. ಎರಡನೇ ಗುರುವಾರ: ನಾನು ನೋಡದೇ ಇದ್ದಾಗ ನನ್ನನ್ನೇ ನೋಡುತ್ತಿದ್ದ. ಶರ್ಟಿನ ಬಲ ತೋಳು ಎರಡು ಮಡಿಕೆ, ಎಡ ತೋಳು ಒಂದೇ.' ಅಲ್ವೇ, ನೀನು ನೋಡದೇ ಇದ್ದಾಗ ಅವ್ನು ನೋಡಿದ್ದು ನಿನಗೆ ಹೇಗೆ ಗೊತ್ತಾಯ್ತು?"

"ಅತ್ತೆ!"

"ತೋಳಿನ ಮಡಿಕೆ ಯಾವ ಕೇಸಿಗೆ ಬೇಕಾಗುತ್ತೆ?"

ಅವಳು ನೋಟ್‌ಬುಕ್ ಮುಚ್ಚಿ, ಹಿಂದಿನ ಎರಡು ಗುರುವಾರಗಳಂತೆ ಇಂದೂ ಜಗಳಕ್ಕೆಂದು ಸೀದಾ ಕೌಂಟರಿಗೆ ನಡೆದಳು.

ಅವನು ಒಂದು ಚೆಂಡಿನ ಬೆರಳುತೂತಿಗೆ ಉಪ್ಪುಕಾಗದ ಉಜ್ಜುತ್ತಿದ್ದ. ಅವಳ ಹೆಜ್ಜೆಯ ಸದ್ದಿಗೇ ಕೈ ನಿಂತಿತು. ತಲೆ ಮಾತ್ರ ಸ್ವಲ್ಪ ತಡವಾಗಿ ಎದ್ದಿತು. ಅದನ್ನೂ ಅವಳು ಗಮನಿಸಿದಳು.

"ಒಂಬತ್ತಕ್ಕೆ ಎಷ್ಟು ಎಣ್ಣೆ ಹಾಕಿದ್ರಿ?"

"ಎಂಟಕ್ಕೆ ಹಾಕಿದಷ್ಟೇ ಮೇಡಂ."

"ಎಂಟಕ್ಕೆ ಎಷ್ಟು ಹಾಕಿದ್ರಿ?"

"ಒಂಬತ್ತಕ್ಕೆ ಹಾಕಿದಷ್ಟೇ."

ತುಟಿ ನಗಲಿಲ್ಲ, ಕಣ್ಣು ನಕ್ಕಿತು. ಅವಳ ಮೈ ಉರಿಯಿತು. ಉರಿ ಕೋಪದ್ದೊಂದೇ ಅಲ್ಲ ಎಂಬ ಅನುಮಾನವೂ ಬಂತು. ಆ ಒಂದನ್ನು ಮಾತ್ರ ಅವಳು ತನಿಖೆ ಮಾಡಲಿಲ್ಲ.

"ತಮಾಷೆ ಬೇಡ. ಭಾನುವಾರ ನಗರದ ತಂಡಕ್ಕೆ ಆಯ್ಕೆ ಇದೆ. ಮೂರು ವರ್ಷದಿಂದ ಕಾಯ್ತಿದೀನಿ. ಬೇರೆಯವರಿಗೆ ಒಂದು, ನನಗೊಂದು ಮಾಡ್ತಿದೀರಿ. ನೀವು ನನ್ನಿಂದ ಏನೋ ಮುಚ್ಚಿಡ್ತಿದೀರಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅವನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು. ಇಲ್ಲದ ಧೂಳನ್ನು ಒರೆಸಿ ಕೆಳಗಿಳಿಯಿತು.

"ಆಯ್ಕೆ ಈ ಭಾನುವಾರಾನಾ?" ಈಗ ಕಣ್ಣಿನ ನಗು ಆರಿತ್ತು. "ಶನಿವಾರ ಬೆಳಿಗ್ಗೆ ಬನ್ನಿ, ಬಾಗಿಲು ತೆರೆಯೋಕ್ಮುಂಚೆ. ನಿಮ್ಮೆದುರಿಗೇ ಎಣ್ಣೆ ಹಾಕ್ತೀನಿ. ನೀವೇ ಅಳೆದು ನೋಡಿ."

ಮನೆಗೆ ಬಂದು ಅವಳು ಬೌಲಿಂಗ್ ಹಾಲ್‌ನ ಯಜಮಾನರಿಗೆ ದೂರು ಬರೆದಳು. 'ಒಂಬತ್ತನೆಯ ಲೇನ್‌ಗೆ ಉದ್ದೇಶಪೂರ್ವಕವಾಗಿ ಹೆಚ್ಚು ಎಣ್ಣೆ.' ಅತ್ತೆ ಊಟಕ್ಕೆ ತಟ್ಟೆ ಹಾಕುತ್ತ ಕೇಳಿದರು.

"ಇದು ಕೊಟ್ರೆ ಅವನ ಕೆಲಸ ಹೋಗುತ್ತೆ ಅಲ್ವಾ?"

"ತಪ್ಪು ಮಾಡಿದ್ರೆ ಹೋಗ್ಲಿ."

"ಮಾಡಿರದಿದ್ರೆ?"

ಅವಳು ಕಾಗದ ಮಡಿಸಿ ಬ್ಯಾಗಿಗೆ ಹಾಕಿದಳು. ಮಾಡಿರದಿರಲಿ ಎಂದು ಮನಸ್ಸಿನ ಒಂದು ಮೂಲೆ ಆಗಲೇ ಕೈಮುಗಿದು ಕೂತಿತ್ತು. ಇನ್ನೊಂದು ಮೂಲೆ ಅದನ್ನು ನೋಡಿ, ಹಿಂದೆಯೂ ನೀನು ಹೀಗೇ ಕೈಮುಗಿದಿದ್ದೆ, ನೆನಪಿದೆಯಾ ಎಂದಿತು.

ಶನಿವಾರ ಬೆಳಿಗ್ಗೆ ಹಾಲ್ ಖಾಲಿಯಿತ್ತು. ಜನರಿಲ್ಲದಾಗ ಆ ಜಾಗಕ್ಕೊಂದು ಗಾಂಭೀರ್ಯ ಬರುತ್ತಿತ್ತು. ಪೂಜೆಗೆ ಮುಂಚೆ ಗುಡಿಸಿಟ್ಟ ಅಂಗಳದ ಹಾಗೆ. ಅವನು ಮೆಷಿನ್ನನ್ನು ಒಂಬತ್ತನೆಯ ಲೇನಿನ ಮೇಲಿಟ್ಟ. ಅದು ಗುಂಯ್‌ಗುಡುತ್ತ ಹೋಗಿ, ಗುಂಯ್‌ಗುಡುತ್ತ ಹಿಂದೆ ಬಂತು. ಬೇರೆ ಲೇನ್‌ಗಳಿಗೂ ಹಾಗೆಯೇ.

"ಎಲ್ಲಿ ಅಳೀಬೇಕು ಅಂತ ನಾನು ಹೇಳ್ತೀನಿ," ಎಂದಳು.

"ಹೇಳಿ."

ಉದ್ದನೆಯ ಟೇಪನ್ನು ಹಲಗೆಗೆ ಅಂಟಿಸಿ ಎತ್ತಿ, ಅದಕ್ಕೆ ಹತ್ತಿದ ಎಣ್ಣೆಯನ್ನು ಪುಟ್ಟ ಯಂತ್ರದಲ್ಲಿ ಓದಬೇಕು. ಎಂಟು, ಒಂಬತ್ತು, ಹತ್ತು, ಒಂದೊಂದರಲ್ಲೂ ಮೂರು ಕಡೆ ಅಳೆದಳು. ಇಬ್ಬರೂ ಮೊಣಕಾಲೂರಿ ಟೇಪಿನ ಎರಡು ತುದಿ ಹಿಡಿದಿದ್ದರು. ಎರಡು ಸಲ ತಲೆಗೆ ತಲೆ ತಾಗುವುದು ತಪ್ಪಿತು. ಮೂರನೆಯ ಸಲ ತಪ್ಪಲಿಲ್ಲ.

"ಸಾರಿ."

"ಅಂಕಿ ಓದಿ," ಎಂದಳು ಹಣೆ ಉಜ್ಜಿಕೊಳ್ಳುತ್ತ.

ಅಂಕಿಗಳು ಒಂದೇ. ನಡುವಿಗೆ ನಡುವು, ಅಂಚಿಗೆ ಅಂಚು, ಮೂರೂ ಲೇನಿನಲ್ಲೂ.

"ಈಗ ಚೆಂಡು ಬಿಡಿ."

ಅವಳು ಬಿಟ್ಟಳು. ಜಾರಿತು, ತಿರುಗಲಿಲ್ಲ. ಅವನು ಅದೇ ಕಂಪನಿಯ, ಅದೇ ತೂಕದ ತನ್ನ ಚೆಂಡನ್ನು ಅದೇ ಹಲಗೆಯ ಮೇಲೆ ಬಿಟ್ಟ. ಜಾರಿತು. ನಲವತ್ತನೆಯ ಅಡಿಗೆ ಬಂದದ್ದೇ ಯಾರೋ ಹೆಸರಿಟ್ಟು ಕರೆದಂತೆ ಎಡಕ್ಕೆ ಹೊರಳಿತು. ಹತ್ತೂ ಪಿನ್‌ಗಳು ಬಿದ್ದವು.

ಆ ಸದ್ದು ಅಡಗಿದ ಮೇಲೆ ಅವನು ಮೆಲ್ಲಗೆ ಕೇಳಿದ. "ಮೇಡಂ, ಎಲ್ಲಾರ ತಕ್ಕಡೀನೂ ಪರೀಕ್ಷೆ ಮಾಡ್ತೀರಲ್ಲ, ನಿಮ್ಮ ಚೆಂಡನ್ನ ಯಾವತ್ತಾದ್ರೂ ಪರೀಕ್ಷೆ ಮಾಡಿದ್ರಾ?"

ಅವಳಿಗೆ ಪೆಟ್ಟಿಗೆಯೊಳಗಿನ ಹಿತ್ತಾಳೆ ತೂಕಗಳು ನೆನಪಾದವು. ಅವುಗಳನ್ನೂ ಕಾಲಕಾಲಕ್ಕೆ ಮೇಲಿನ ಕಚೇರಿಗೆ ಒಯ್ದು ಸರಿಯಿವೆಯೇ ಎಂದು ನೋಡಿಸಲೇಬೇಕು. ಅದು ಅವಳು ಕೆಲಸದಲ್ಲಿ ಕಲಿತ ಮೊದಲ ನಿಯಮ.

ಅವನು ಚೆಂಡಿನ ಬೆರಳುತೂತುಗಳಿಗೆ ಟೇಪ್ ಅಂಟಿಸಿ, ಕೈ ತಡೆಯುವಷ್ಟು ಬಿಸಿಯಾದ ನೀರಿನ ಬಕೆಟ್ಟಿನಲ್ಲಿ ಇಳಿಸಿದ. ಇಬ್ಬರೂ ಬಗ್ಗಿ ನೋಡಿದರು. ಮೊದಲು ಏನೂ ಇಲ್ಲ. ಆಮೇಲೆ ನೀಲಿ ಮೈಯಿಂದ ಸಣ್ಣ ಸಣ್ಣ ಹನಿಗಳು ಬೆವರಿನಂತೆ ಒಡೆದು, ಮೇಲೆದ್ದು, ನೀರಿನ ಮೇಲೆ ಬಣ್ಣಬಣ್ಣದ ಕೆನೆಯಾಗಿ ಹರಡಿದವು.

"ಈ ರೆಸಿನ್ ಚೆಂಡಿನ ಮೈತುಂಬಾ ಕಾಣದಿರೋ ರಂಧ್ರಗಳು. ಹೋದ ದಾರಿಯ ಎಣ್ಣೇನೆಲ್ಲಾ ಕುಡಿಯುತ್ತೆ. ಹೊಟ್ಟೆ ತುಂಬಿದ ಮೇಲೆ ಒಣನೆಲ ಸಿಕ್ಕಿದ್ರೂ ಹಿಡ್ಕೊಳ್ಳೋಕೆ ಆಗಲ್ಲ, ಜಾರ್ತಾನೇ ಹೋಗುತ್ತೆ. ಅರವತ್ತು ಆಟಕ್ಕೊಂದು ಸಲ ಹೀಗೆ ತೆಗೆಸಬೇಕು. ಅಲ್ಲಿ ಬೋರ್ಡ್ ಕೂಡ ಇದೆ."

ಬೋರ್ಡು ಕೌಂಟರಿನ ಹಿಂದೆ, ಅವನು ಕೂರುವ ಜಾಗದ ಸರಿಯಾಗಿ ಮೇಲೆ ಇತ್ತು. ದಪ್ಪ ಅಕ್ಷರಗಳಲ್ಲಿ. ಮೂರು ಗುರುವಾರ ಅದರ ಕೆಳಗೇ ನಿಂತು ಜಗಳವಾಡಿದ್ದಳು. ಅವಳ ನೋಟ ಒಮ್ಮೆಯೂ ಅವನ ತಲೆಗಿಂತ ಮೇಲಕ್ಕೆ ಏರಿರಲಿಲ್ಲ.

ಕೆನ್ನೆ ಬಿಸಿಯಾಯಿತು. ಆದರೂ ಇನ್‌ಸ್ಪೆಕ್ಟರ್ ಇನ್‌ಸ್ಪೆಕ್ಟರೇ.

"ಇದು ನಿಮಗೆ ಯಾವತ್ತು ಗೊತ್ತಾಯ್ತು?"

ಅವನು ನೀರನ್ನೇ ನೋಡುತ್ತಿದ್ದ. "ಮೊದಲನೇ ಗುರುವಾರ."

"ಮೂರು ವಾರ! ಯಾರಿಗೂ ಹೇಳಲ್ವಾ ನೀವು?"

"ಎಲ್ಲಾರಿಗೂ ಹೇಳ್ತೀನಿ. ನಿಮ್ಮತ್ತೆಗೂ ಹೇಳ್ದೆ. 'ನಂದು ಪ್ಲಾಸ್ಟಿಕ್ಕಪ್ಪಾ, ನನ್ನ ಥರಾನೇ, ಸೀದಾ ಹೋಗುತ್ತೆ, ಏನೂ ಕುಡಿಯಲ್ಲ' ಅಂದ್ರು. ನಿಮಗೊಬ್ರಿಗೇ ಹೇಳಲಿಲ್ಲ."

ಬೇರೆಯವರಿಗೆ ಒಂದು, ನನಗೊಂದು. ಹಾಗಾದರೆ ಅವಳ ಅನುಮಾನ ನಿಜವೇ ಆಗಿತ್ತು.

"ಯಾಕೆ?"

"ಹೇಳಿದ್ರೆ ಚೆಂಡು ಸರಿಹೋಗುತ್ತೆ. ಸರಿಹೋದ್ರೆ ನೀವು ಕೌಂಟರಿಗೆ ಬರಲ್ಲ. ಮೊದಲ ನಾಲ್ಕು ತಿಂಗಳಲ್ಲಿ ನೀವು ನನ್ನ ಹತ್ರ ಆಡಿದ್ದು ಎರಡೇ ಮಾತು. 'ಒಂಬತ್ತು.' 'ಟವೆಲ್.'" ಅವನು ನೀರಲ್ಲಿ ಚೆಂಡನ್ನು ಒಮ್ಮೆ ಹೊರಳಿಸಿದ. "ಜಗಳಾನೇ ಆಗ್ಲಿ ಅನ್ನಿಸ್ತು. ಆಯ್ಕೆ ಹತ್ರ ಬಂದಿದೆ ಅಂತ ಮೊನ್ನೆವರೆಗೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂದ್ರೂ ತಪ್ಪು ತಪ್ಪೇ."

ಅವಳು ಬ್ಯಾಗಿನಿಂದ ದೂರು ತೆಗೆದಳು. ನಂಬಿದರೆ ಮತ್ತೆ ಮೋಸವಾಗಬಹುದು. ಕೊಟ್ಟರೆ ಇವನು ನಾಳೆಯಿಂದ ಇಲ್ಲಿ ಇರುವುದಿಲ್ಲ. ಅವನೇ ಕೈ ಚಾಚಿ ಕಾಗದ ತೆಗೆದುಕೊಂಡು ಕೊನೆಯವರೆಗೂ ಓದಿದ.

"ಇದನ್ನ ತಿದ್ದಿ ಮೇಡಂ."

"ಏನು?"

"ಹೆಚ್ಚು ಎಣ್ಣೆ ಹಾಕಿದ ಅಂತ ಬರೆದಿದೀರ. ಅದು ಸುಳ್ಳಾಗುತ್ತೆ, ದೂರು ನಿಲ್ಲಲ್ಲ. ಗೊತ್ತಿದ್ದೂ ಹೇಳಲಿಲ್ಲ ಅಂತ ಬರೀರಿ. ಅದು ನಿಲ್ಲುತ್ತೆ."

ಅವಳು ಹೊಡೆದುಹಾಕಿ ಹಾಗೆಯೇ ಬರೆದಳು. ಅವನು ಪೆನ್ನು ಇಸಿದುಕೊಂಡು ಅದರ ಕೆಳಗೆ 'ನಿಜ' ಎಂದು ಬರೆದು ಸಹಿ ಮಾಡಿದ. ಬಕೆಟ್ಟಿನಲ್ಲಿ ಅದ್ದಿದ್ದ ಬೆರಳು. ಕಾಗದದ ಅಂಚಿಗೆ ಎಣ್ಣೆ ಹತ್ತಿ, ಅಷ್ಟು ಜಾಗ ಮಾತ್ರ ಬೆಳಕು ಹಾಯುವಷ್ಟು ತಿಳಿಯಾಯಿತು.

ಅವಳು ಆ ತಿಳಿಯಾದ ಜಾಗವನ್ನೇ ಬಹಳ ಹೊತ್ತು ನೋಡಿದಳು. ಒಂಬತ್ತು ವರ್ಷದ ಕೆಲಸದಲ್ಲಿ ಸಾವಿರ ಅಂಗಡಿ ಹತ್ತಿ ಇಳಿದಿದ್ದಳು. ತನ್ನ ತೂಕದಲ್ಲಿ ಎಷ್ಟು ಕಮ್ಮಿ ಎಂದು ತಾನಾಗಿ ಹೇಳಿ, ಸಹಿ ಹಾಕಿ ಕೊಟ್ಟವನನ್ನು ದೇವರು ಅವಳಿಗೆ ಇದುವರೆಗೆ ತೋರಿಸಿರಲಿಲ್ಲ.

"ಚೆಂಡು ಒರೆಸಿ ಕೊಡಿ," ಎಂದಳು. ಕಾಗದ ಬ್ಯಾಗಿಗೆ ಹೋಯಿತು.

ಭಾನುವಾರ ಚೆಂಡು ತಿರುಗಿತು. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಜನರ ಚೆಂಡುಗಳು ಓಡಾಡಿ ಲೇನಿನ ಎಣ್ಣೆ ಕರಗಿ, ಚೆಂಡು ಅವಸರದಲ್ಲಿ ಹೊರಳತೊಡಗಿದಾಗ ಅವಳೇ ನೋಟ್‌ಬುಕ್ ನೋಡಿ ಎರಡು ಹಲಗೆ ಎಡಕ್ಕೆ ಸರಿದಳು. ಆಯ್ಕೆಯಾದ ಐವರಲ್ಲಿ ಐದನೆಯ ಹೆಸರು ಅವಳದು. ಕೌಂಟರಿನವನು ದಿನವಿಡೀ ಅವಳ ಕಡೆ ತಲೆ ಎತ್ತಲಿಲ್ಲ. ಸಂಜೆ ಅವಳು ಏನೂ ಹೇಳದೆ ಹೊರಟುಹೋದಳು.

ಗುರುವಾರ ಬಂತು. ಒಂಬತ್ತನೆಯ ಲೇನ್, ಮೊದಲ ಚೆಂಡು. ನಲವತ್ತನೆಯ ಅಡಿಯಲ್ಲಿ ಹೊರಳಿ ಹತ್ತೂ ಪಿನ್‌ಗಳನ್ನು ಕೆಡವಿತು. ಅವನು ಆ ಸದ್ದು ಕೇಳಿದ. ಕೇಳಿ ಉಪ್ಪುಕಾಗದ ಕೈಗೆತ್ತಿಕೊಂಡು ತಲೆ ತಗ್ಗಿಸಿದ. ಸರಿಹೋದ ಚೆಂಡಿನವರು ಕೌಂಟರಿಗೆ ಬರುವುದಿಲ್ಲ.

ಹೆಜ್ಜೆಯ ಸದ್ದಾಯಿತು.

"ಒಂಬತ್ತಕ್ಕೆ ಎಷ್ಟು ಎಣ್ಣೆ ಹಾಕಿದ್ರಿ?"

ಅವನ ಕೈ ನಿಂತಿತು. ಈ ಸಲ ತಲೆ ತಡಮಾಡಲಿಲ್ಲ.

"ಎಂಟಕ್ಕೆ... ಹಾಕಿದಷ್ಟೇ." ಉಪ್ಪುಕಾಗದ ಕೆಳಗಿಟ್ಟು ಕೇಳಿದ, "ದೂರು ಯಜಮಾನರಿಗೆ ಕೊಟ್ರಾ?"

"ಇಲ್ಲ. ತನಿಖೆ ಮುಗಿದಿಲ್ಲ."

"ಎಷ್ಟು ದಿನ ಆಗುತ್ತೆ?"

"ನಮ್ಮಲ್ಲಿ ಒಂದು ತೂಕ ಸರಿಯಿದೆ ಅಂತ ಮುದ್ರೆ ಹಾಕಿದ್ರೆ ಒಂದು ವರ್ಷಕ್ಕೆ ಮಾತ್ರ. ಆಮೇಲೆ ಮತ್ತೆ ಪರೀಕ್ಷೆ. ಅದಾದ್ಮೇಲೆ ಮತ್ತೆ."

"ಅದಕ್ಕೆ ಕೊನೇನೇ ಇಲ್ವಾ?"

ಅವಳು ಕೌಂಟರಿನ ಮೇಲೆ ಬಾಗಿ, ಒಂದೇ ಮಡಿಕೆಯಿದ್ದ ಅವನ ಎಡ ತೋಳಿಗೆ ಇನ್ನೊಂದು ಮಡಿಕೆ ಹಾಕಿದಳು. ಬಲಗಡೆಯ ಜೊತೆ ಅಳೆದು ನೋಡಿದಳು.

"ಇಲ್ಲ," ಎಂದಳು.

ಒಂಬತ್ತನೆಯ ಲೇನಿನಿಂದ ಅತ್ತೆಯ ದನಿ ಕೇಳಿತು. "ಲೇ, ನಿನ್ನ ಸರದಿ ಕಣೇ! ಇವತ್ತು ನೆಲ ನೆಟ್ಟಗಿದೆಯಲ್ಲ, ಇನ್ನೇನು ಜಗಳ ಅಲ್ಲಿ?"