ಒಂದಕ್ಕೆ ಒಂದು, ಒಂದಕ್ಕೆ ಎರಡು

"ನಿಲ್ಸೀ! ಆ ತೊಟ್ಟಿಯ ವಾಲ್ವ್ ತೆಗೀಬೇಡಿ!"

ಕಾರ್ಖಾನೆಯ ಕೆಮಿಸ್ಟ್ ಆಗಿದ್ದ ಅವಳು ಓಡಿಬಂದು ಹೊಸ ಆಪರೇಟರನ ಕೈಯನ್ನೇ ಹಿಡಿದುಬಿಟ್ಟಳು.

"ಸಲ್ಫ್ಯೂರಿಕ್ ಆಸಿಡ್ ಒಂದು ಮೋಲ್ ಇದ್ರೆ ಅದನ್ನ ತಟಸ್ಥ ಮಾಡೋಕೆ ಕಾಸ್ಟಿಕ್ ಸೋಡಾ ಎರಡು ಮೋಲ್ ಬೇಕು. ನೀವು ಒಂದೇ ಹಾಕಿದೀರ. ಅರ್ಧ ಆಸಿಡ್ ಹಾಗೇ ಉಳಿದಿದೆ!"

"ನಿನ್ನೆ ಒಂದಕ್ಕೆ ಒಂದು ಅಂದ್ರಲ್ಲ ಮೇಡಂ?"

"ಅದು ಹೈಡ್ರೋಕ್ಲೋರಿಕ್‌ಗೆ! ಮೊದಲು ಸಮೀಕರಣ ಬರೀರಿ, ಆಮೇಲೆ ತೂಕ ಹಾಕಿ."

"ಸರಿ... ಈಗ ಕೈ ಬಿಡ್ತೀರಾ?"

ಅವಳ ಮುಖ ಕೆಂಪಾಯಿತು.

ಊಟದ ಬಿಡುವಿನಲ್ಲಿ ಅವನಿಗೆ ಸಮೀಕರಣ ಸರಿದೂಗಿಸುವುದನ್ನು ಕಲಿಸಿದಳು. ಕಲಿಸುತ್ತ ಕಲಿಸುತ್ತ ಮನಸ್ಸು ಕೊಟ್ಟಳು. ಎರಡೂ ಮನೆಯವರು ಒಪ್ಪಿ ಮದುವೆ ಗೊತ್ತಾಯಿತು.

ಮದುವೆಯ ಬಟ್ಟೆ ತರಲೆಂದು ಅವಳು ರಜೆ ಹಾಕಿದ ದಿನವೇ ತೊಟ್ಟಿಯ ನಲ್ಲಿಯಿಂದ ಆಸಿಡ್ ಚಿಮ್ಮಿ ಅವನ ಎರಡೂ ಕಣ್ಣಿಗೆ ಬಿತ್ತು.

"ಸೋಡಾ ಅರ್ಧವೇ ಹಾಕಿದಾನಮ್ಮ," ಎಂದ ಮ್ಯಾನೇಜರ್, ಆಸ್ಪತ್ರೆಯ ಬಾಗಿಲಲ್ಲೇ.

ಒಳಗೆ ಅವನ ಮಂಚದ ಬಳಿ, ಭಯಕ್ಕೆ ಅವಳ ನಾಲಿಗೆ ಹಿಡಿತ ತಪ್ಪಿತು.

"ಎಷ್ಟು ಸಲ ಹೇಳಿದ್ದೆ! ತಲೇಲಿ ಏನಿಟ್ಕೊಂಡಿದ್ರಿ?"

ಪಟ್ಟಿ ಕಟ್ಟಿದ ಮುಖ ಗೋಡೆಯತ್ತ ತಿರುಗಿತು.

ಆಮೇಲೆ ಅವಳು ಅವನ ಮನೆಗೆ ಹೋದಾಗಲೆಲ್ಲ ಅವನಮ್ಮ ಹೊಸ್ತಿಲಲ್ಲೇ ತಡೆದರು. "ಬೇಡ ತಾಯಿ... ಅವನಿಗೆ ಇಷ್ಟ ಇಲ್ಲ."

ತಿಂಗಳುಗಳು ಕಳೆದವು. ಅಂದು ಅವನು ತೊಟ್ಟಿಗೆ ಸುರಿದಿದ್ದ ಆಸಿಡ್ ಡ್ರಮ್ಮಿನ ಲೋಡಿನಲ್ಲೇ ಬಂದಿದ್ದ ಇನ್ನೊಂದು ಡ್ರಮ್ ಪರೀಕ್ಷೆಗೆ ಬಂತು. ಚೀಟಿಯಲ್ಲಿ ಹೈಡ್ರೋಕ್ಲೋರಿಕ್ ಎಂದಿತ್ತು. ಬೇರಿಯಂ ಕ್ಲೋರೈಡ್ ಹಾಕಿದಳು. ತಿಳಿಯಾಗೇ ಉಳಿಯಬೇಕಿದ್ದದ್ದು ಹಾಲಿನಂತೆ ಬೆಳ್ಳಗಾಯಿತು.

ಸಲ್ಫ್ಯೂರಿಕ್!

ಅವನು ಚೀಟಿ ನೋಡಿ ಒಂದಕ್ಕೆ ಒಂದು ಹಾಕಿದ್ದ. ತಾನು ಕಲಿಸಿದಂತೆಯೇ... 'ಅಯ್ಯೋ, ನಾನೇನು ಅಂದುಬಿಟ್ಟೆ!'

ಅಂದು ಅಮ್ಮ ತಡೆದರೂ ಅವಳು ಒಳಗೆ ನುಗ್ಗಿದಳು.

"ನಿಮ್ಮ ಲೆಕ್ಕ ಸರಿ ಇತ್ತು ರೀ! ಡ್ರಮ್ಮಿನ ಚೀಟಿನೇ ತಪ್ಪು. ಕೇಳ್ದೇನೇ ಬೈದುಬಿಟ್ಟೆ..."

ಅವನು ದನಿ ಬಂದ ಕಡೆಗೆ ಮುಖ ತಿರುಗಿಸಿದ.

"ಚೀಟಿ ನಾನೇ ತಪ್ಪಾಗಿ ಓದಿದೆ ಅನ್ಕೊಂಡಿದ್ದೆ. ನಿನ್ನ ಮುಂದೆ ನಿಲ್ಲೋಕೆ ಮುಖ ಇರ್ಲಿಲ್ಲ." ದನಿ ಒಡೆಯಿತು. "ಈಗ ಗೊತ್ತಾಗಿ ಏನು ಬಂತು? ಕಣ್ಣು ಬರಲ್ಲ. ಡಾಕ್ಟ್ರು ಕೈಚೆಲ್ಲಿದಾರೆ, ಕೆಲಸಾನೂ ಹೋಯ್ತು. ನೀನು ಹೊರಡು."

"ಎಲ್ಲಿಗೆ? ನೀವಿಲ್ಲದ ಕಡೆ ನನಗೇನಿದೆ?"

"ಇಲ್ಲೂ ಏನಿಲ್ಲ ಕಣೇ... ಕತ್ತಲೆ ಬಿಟ್ರೆ."

"ಇರ್ಲಿ. ನಾನು ನಿಮ್ಮನ್ನ ಪ್ರೀತಿಸ್ತೀನಿ."

ಎಲ್ಲ ಸರಿಹೋಗುತ್ತದೆ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. ಸರಿಹೋಗುವಂಥದ್ದು ಏನೂ ಉಳಿದಿರಲಿಲ್ಲ. ಮಂಚದಂಚಿನಲ್ಲಿ ಅವನಿಗೆ ಒರಗಿ ಕುಳಿತಳು.

"ಅಳ್ತಿದೀಯಾ?"

"ಇಲ್ಲ."

ಅವನ ಬೆರಳುಗಳು ತಡಕಾಡಿ ಅವಳ ಕಿವಿಯ ಬಳಿ ನಿಂತವು.

"ಕೆನ್ನೆ ಎಲ್ಲಿದೆ ಕಣೇ?"

ಅವಳು ನಿಧಾನವಾಗಿ ಮುಖ ಸರಿಸಿ, ಒದ್ದೆ ಕೆನ್ನೆಯನ್ನು ಅವನ ಬೆರಳಡಿಗೆ ತಂದಳು.

"ಇಲ್ಲಿ..."