ಚಿನ್ನದ ಗೆರೆಯ ಸೈಕಲ್

"ಹೇಳ್ರೀ, ತಗೊಳ್ಳೋದಾ, ಬೇಡ್ವಾ?"

ಅವನು ಕೇಳಿದ್ದು ಇಷ್ಟೇ. ಅವನು ಕೊಳ್ಳಬೇಕೆಂದಿದ್ದ ಹಳೇ ಸೈಕಲ್ಲಿನ ಮುಂದೆ ಸೈಕಲಕ್ಕ ಕುಕ್ಕರಗಾಲಲ್ಲಿ ಕೂತಳು.

ಇದನ್ನೂ ಬೇಡ ಅಂದರೆ ನಾಳೆಯಿಂದ ಇವನು ಈ ಸೈಕಲ್ ಅಂಗಡಿಗೆ ಯಾಕೆ ಬರುತ್ತಾನೆ? ಹೂಂ ಅಂದರೆ ರಿಪೇರಿ ಮುಗಿಯುವ ತನಕವಾದರೂ ದಿನಾ ಬರುತ್ತಾನೆ. ಆದರೆ ಆ ಹೂಂ ಹೇಳುವುದು ತನ್ನ ಕಸುಬೋ, ತನ್ನ ಹಾಳು ಮನಸ್ಸೋ? ಅವಳಿಗೆ ಅದೇ ಭಯ.

ಬೀದಿಗೆಲ್ಲ ಅವಳು ಸೈಕಲಕ್ಕ. ತಲೆ ನರೆತವರೂ ಅಕ್ಕ ಅಂತಲೇ ಕರೆಯುತ್ತಾರೆ. ಇಳಿಜಾರಿನ ಕೆಳಗೆ ಕನ್ನಡಕದ ಅಂಗಡಿ ಇಟ್ಟಿರುವ ಇವನೊಬ್ಬ ಮಾತ್ರ ಅಪ್ಪಿತಪ್ಪಿಯೂ ಅಕ್ಕ ಅನ್ನುವುದಿಲ್ಲ. ಏನ್ರೀ, ನೋಡ್ರೀ, ಅಲ್ವೇನ್ರೀ. ಆ ಒಂದು 'ರೀ'ಗೆ ಅವಳ ಕೈಯಿಂದ ಎಷ್ಟು ಸಲ ಸ್ಪ್ಯಾನರ್ ಜಾರಿದೆಯೋ ದೇವರೇ ಬಲ್ಲ. ಈ ಹಿಂದೆಯೂ ಯಾರ್ಯಾರದೋ ಹಳೇ ಸೈಕಲ್ ತಳ್ಳಿಕೊಂಡು ಬಂದು ಹೀಗೇ ಕೇಳಿದ್ದ. ಎಲ್ಲವೂ ಗುಜರಿಗೇ ಲಾಯಕ್ಕು. ಅವಳು ಮುಲಾಜಿಲ್ಲದೆ ಬೇಡ ಅಂದಿದ್ದಳು. ಪಾಪ, ತಳ್ಳಿಕೊಂಡೇ ವಾಪಸ್ ಹೋಗುತ್ತಿದ್ದ. ಹಳೇ ವಸ್ತುವಿಗೆ ಮರ್ಯಾದೆ ಕೊಡುವ ಮನುಷ್ಯ ಅಂದುಕೊಂಡಿದ್ದಳು.

ಇವತ್ತಿನದು ಹಾಗಲ್ಲ. ಕೆಳಗಿನ ಬೀದಿಯ ರಿಟೈರ್ಡ್ ಟೀಚರಮ್ಮ ತಮ್ಮ ಯಜಮಾನರ ನೆನಪಿಗೆ ಇಟ್ಟುಕೊಂಡಿದ್ದ ಸೈಕಲ್. ಕಪ್ಪು ಮೈ, ಹಿತ್ತಾಳೆಯ ಬೆಲ್. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕಿನ ಕತ್ತಿನ ಸುತ್ತ ಕೈಯಲ್ಲಿ ಬರೆದ ಚಿನ್ನದ ಬಣ್ಣದ ಗೆರೆ. ಸಂಜೆಯೊಳಗೆ ಹೇಳದಿದ್ದರೆ ಬೇರೆಯವರಿಗೆ ಮಾರುತ್ತಾರಂತೆ.

ಅವಳು ಹಿಂದಿನ ಚಕ್ರದ ಹತ್ತಿರದಿಂದ ಮುಂದಕ್ಕೆ ದಾರ ಎಳೆದು ನೋಡಿದಳು. ಫ್ರೇಮ್ ನೆಟ್ಟಗಿತ್ತು. ಚೈನು ಸವೆದಿದೆ, ಬೇರೆ ಹಾಕಬಹುದು. ರಿಮ್ಮಿನ ತುಕ್ಕು ಮೇಲುಮೇಲಿನದು, ಉಜ್ಜಿದರೆ ಹೋಗುತ್ತೆ. ಇನ್ನು ಉಳಿದದ್ದು ಆ ಕತ್ತು.

ಹಳೇ ಸೈಕಲ್ ಬಂದರೆ ಕತ್ತಿನ ಬಣ್ಣ ಕೆರೆದು ನೋಡದೆ ಮಾತಾಡಬಾರದು. ಇದು ಅವಳ ಸೋದರಮಾವನ ಕಟ್ಟಪ್ಪಣೆ. ಬಣ್ಣದಡಿ ಅಡಗಿದ್ದ ಬಿರುಕೊಂದು ಇದೇ ಇಳಿಜಾರಿನಲ್ಲಿ ಬಾಯಿಬಿಟ್ಟು, ಮಾವ ಬಿದ್ದು, ಅವತ್ತಿನಿಂದ ಕೋಲು ಹಿಡಿದವರು. ಬೀದಿಯಲ್ಲಿ ಬಿದ್ದಿದ್ದ ಮಾವನನ್ನು ಮೊದಲು ನೋಡಿದವಳು ಅವಳೇ. ಇವತ್ತಿಗೂ ಆ ಇಳಿಜಾರಿನಲ್ಲಿ ಯಾರಾದರೂ ಜೋರಾಗಿ ಬೆಲ್ ಹೊಡೆದರೆ ಅವಳ ಎದೆ ಧಸಕ್ಕೆನ್ನುತ್ತದೆ.

ಅವಳು ಬ್ಲೇಡು ಎತ್ತಿಕೊಂಡಳು.

"ಅಯ್ಯಯ್ಯೋ, ಆ ಗೆರೆ ಒಂದು ಮುಟ್ಬೇಡ್ರೀ! ನಾನು ಮನಸೋತಿರೋದೇ ಅದಕ್ಕೆ."

ಅವನು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡ. ಗಾಜಿನ ಹಿಂದಿನ ಆ ಕಣ್ಣುಗಳು ಗೆರೆಯನ್ನು ನೋಡುತ್ತಿರಲಿಲ್ಲ. ಅವಳ ಕೆನ್ನೆಗೆ ಮೆತ್ತಿದ್ದ ಗ್ರೀಸನ್ನು ನೋಡುತ್ತಿದ್ದವು.

"ಏನು ನೋಡ್ತಿದೀರಾ?"

"ಕಣ್ಣು ಟೆಸ್ಟ್ ಮಾಡ್ಕೊಳ್ತಿದೀನಿ. ಚೆನ್ನಾಗೇ ಕಾಣ್ತಿದೆ."

ಅವಳಿಗೆ ನಗು ಬಂತು. ನಗುವಾಗ ಕೈ ಮೆತ್ತಗಾಯಿತು. ಬ್ಲೇಡು ಕೆಳಗಿಟ್ಟು ಸೀಮೆಎಣ್ಣೆಯ ಬಟ್ಟೆಯಿಂದ ಕತ್ತನ್ನು ಸುಮ್ಮನೆ ಒರೆಸಿದಳು.

"ತಗೊಳ್ಳಿ. ಚೆನ್ನಾಗಿದೆ."

"ಹಾಗಾದ್ರೆ ಈಗ್ಲೇ ಹೋಗಿ ಟೀಚರಮ್ಮನಿಗೆ ಹೇಳ್ಬಿಡ್ತೀನಿ!" ಅವನು ಸೈಕಲ್ ತಳ್ಳಿಕೊಂಡು ಹೊರಟೇಬಿಟ್ಟ. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿದ. ಅವಳು ನೋಡದವಳಂತೆ ನಟಿಸಿದಳು.

ಒಳಗಿನಿಂದ ಮಾವ ಕೋಲೂರಿಕೊಂಡು ಬಂದರು. ಬೆಂಚಿನ ಮೇಲಿದ್ದ ಬಟ್ಟೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಅದರ ಮೇಲೆ ತೆಳ್ಳಗೆ ಒಂದು ಕೆಂಪು ಗೀಟು.

"ಇದೇನೇ, ತುಕ್ಕು? ಎಲ್ಲಿ ಒರೆಸಿದ್ದು?"

"ಕತ್ತಲ್ಲಿ, ಮಾವ..."

"ಬಣ್ಣದ ಒಳಗಿಂದ ತುಕ್ಕು ಬಂದಿದೆ ಅಂದ್ರೆ ಅಲ್ಲಿ ಸೀಳಿದೆ ಅಂತ. ಕೆರೆದು ನೋಡಿದ್ಯೋ ಇಲ್ವೋ?"

ಅವಳು ತಾನು ಕೆಳಗಿಟ್ಟಿದ್ದ ಬ್ಲೇಡಿನತ್ತ ನೋಡಿದಳು. ಮಾವನ ಮುಖ ಬಿಳುಚಿಕೊಂಡಿತು. "ಇಳಿಜಾರಿಗೆ ಹೋದ್ನಾ ಅವ್ನು?"

ಅವಳು ತಕ್ಷಣ ಅವನಿಗೆ ಫೋನ್ ಮಾಡಿದಳು. ರಿಂಗ್ ಕೇಳಿಸಿದ್ದು ಅವಳ ಬೆಂಚಿನ ಮೇಲಿಂದಲೇ. ಮರೆತು ಹೋಗಿದ್ದ, ಮಾರಾಯ!

ತನ್ನ ಸೈಕಲ್ ಹತ್ತಿ ಹೊರಟವಳಿಗೆ ದಾರಿ ಕಾಣಲಿಲ್ಲ, ಮಾವ ಬಿದ್ದಿದ್ದೇ ಕಾಣುತ್ತಿತ್ತು. ನಾನೇ ಕಳಿಸಿದೆ, ಚೆನ್ನಾಗಿದೆ ಅಂತ ಈ ಬಾಯಲ್ಲೇ ಹೇಳಿ ಕಳಿಸಿದೆ. ಅವನಿಗೇನೂ ಆಗದಿರಲಿ, ಬೇಕಾದರೆ ಇನ್ನೆಂದೂ ಅಂಗಡಿಗೆ ಬರದಿರಲಿ, ಬದುಕಿದ್ದರೆ ಸಾಕು.

ಇಳಿಜಾರಿನ ನಡುವೆ ಜನ ಗುಂಪುಗೂಡಿದ್ದರು.

ಅವರ ಕಾಲುಗಳ ಸಂದಿಯಲ್ಲಿ ಆಕಾಶ ನೋಡುತ್ತಾ ತಿರುಗುತ್ತಿದ್ದ ಒಂದು ಚಕ್ರ. ಅದರಿಂದಾಚೆ, ರಸ್ತೆಯ ಮೇಲೆ, ಒಂದು ಕನ್ನಡಕ.

ಅವಳು ಸೈಕಲ್ಲನ್ನು ಅಲ್ಲೇ ಬಿಸಾಡಿ ಜನರನ್ನು ತಳ್ಳಿಕೊಂಡು ನುಗ್ಗಿದಳು. ಮಗುಚಿಕೊಂಡಿದ್ದದ್ದು ಬ್ರೆಡ್ ಮಾರುವವನ ಮೂರು ಚಕ್ರದ ಗಾಡಿ. ರಸ್ತೆ ತುಂಬಾ ಬನ್ನುಗಳು. ಅವುಗಳ ನಡುವೆ ಮಂಡಿಯೂರಿ ತಡಕಾಡುತ್ತಿದ್ದ ಒಬ್ಬ ತಲೆಯೆತ್ತಿ ಕಣ್ಣು ಕಿರಿದು ಮಾಡಿದ.

"ರೀ, ಇಲ್ಲೆಲ್ಲಾದ್ರೂ ನನ್ನ ಕನ್ನಡಕ ನೋಡಿದ್ರಾ? ಬನ್ ಎತ್ತೋಕೆ ಬಗ್ಗಿದೆ, ಬಿದ್ದೋಯ್ತು."

ಕಪ್ಪು ಸೈಕಲ್ ಗೋಡೆಗೆ ಒರಗಿ ಸುಖವಾಗಿ ನಿಂತಿತ್ತು. ಅವಳು ಕನ್ನಡಕ ಎತ್ತಿಕೊಟ್ಟಳು. ಆಮೇಲೆ ಅಲ್ಲೇ ಫುಟ್‌ಪಾತಿನ ಮೇಲೆ ಕುಸಿದು, ಜನರೆಲ್ಲ ನೋಡುತ್ತಿದ್ದರೂ ಗೊಳೋ ಎಂದು ಅತ್ತಳು.

"ಅಯ್ಯೋ, ಯಾಕ್ರೀ? ಏನಾಯ್ತು?"

"ಕೆರೆದು ನೋಡ್ದೇನೇ ಹೂಂ ಅಂದ್ಬಿಟ್ಟೆ! ಬೇಡ ಅಂದ್ರೆ ನೀವು ಬರಲ್ಲ ಅಂತ. ನಿಮಗೇನಾದ್ರೂ ಆಗಿದ್ರೆ ನಾನು ಬದುಕ್ತಿದ್ನಾ? ಈ ಇಳಿಜಾರಲ್ಲಿ ಅದನ್ನ ಹೊಡ್ಕೊಂಡು..."

ಅವನು ಪಕ್ಕದಲ್ಲಿ ಕೂತ. ಕಿವಿ ಕೆಂಪಾಗಿತ್ತು.

"ಹೊಡೀಲಿಲ್ಲ ರೀ. ತಳ್ಕೊಂಡೇ ಬಂದೆ."

"ಯಾಕೆ?"

"ಬೈಬಾರ್ದು. ನನಗೆ ಸೈಕಲ್ ಹೊಡೆಯೋಕೇ ಬರಲ್ಲ."

ಅವಳು ಅಳುವುದನ್ನು ನಿಲ್ಲಿಸಿ ಅವನನ್ನೇ ನೋಡಿದಳು. "ಮತ್ತೆ ಅಷ್ಟೊಂದು ಸೈಕಲ್ ತಂದ್ರಲ್ಲಾ?"

"ಬರಿಗೈಲಿ ಬಂದು ನಿಮ್ಮ ಅಂಗಡಿ ಮುಂದೆ ಏನಂತ ನಿಂತ್ಕೊಳ್ಲಿ? ನೀವೋ, ನೋಡಿದ್ದೆಲ್ಲಾ ಬೇಡ ಬೇಡ ಅಂತೀರಾ. ಊರಲ್ಲಿ ಹಳೇ ಸೈಕಲ್ಲೇ ಖಾಲಿಯಾಗ್ತಾ ಬಂತು!"

ಇಬ್ಬರೂ ಸೇರಿ ಬೀಗದಕೈಯಿಂದ ಆ ಚಿನ್ನದ ಗೆರೆಯನ್ನು ಕೆರೆದರು. ಅವನು ಜೇಬಿನಿಂದ ದಪ್ಪ ಗಾಜಿನ ಲೆನ್ಸ್ ತೆಗೆದು ಹಿಡಿದ. ಒಂದೇ ಲೆನ್ಸಿನ ಮೇಲೆ ಇಬ್ಬರ ತಲೆ. ಕೂದಲೆಳೆಯಷ್ಟು ತೆಳುವಾದ ಬಿರುಕು ಕತ್ತನ್ನು ಅರ್ಧ ಸುತ್ತಿತ್ತು. ಅವನು ತಣ್ಣಗಿದ್ದ ಅವಳ ಕೈ ಹಿಡಿದುಕೊಂಡ, ಅವಳು ಬಿಡಿಸಿಕೊಳ್ಳಲಿಲ್ಲ.

"ಈಗ ಹೇಳ್ರೀ. ತಗೊಳ್ಳೋದಾ, ಬೇಡ್ವಾ?"

ಅವಳು ಮೂಗು ಒರೆಸಿಕೊಂಡು ಇನ್ನೊಮ್ಮೆ ನೋಡಿದಳು. "ಫ್ರೇಮ್ ಗಟ್ಟಿಯಾಗಿದೆ. ಬೇರೆ ಫೋರ್ಕ್ ಹಾಕಿದ್ರೆ ಒಂದು ತಲೆಮಾರು ಓಡುತ್ತೆ. ಆದ್ರೆ ನಿಮ್ಮ ಗೆರೆ ಹೋಯ್ತು."

"ಹೋಗ್ಲಿ ಬಿಡ್ರೀ. ನಾನು ಮನಸೋತಿದ್ದು ಗೆರೆಗೇ ಅಂದ್ಕೊಂಡ್ರಾ?"

ಟೀಚರಮ್ಮನಿಗೆ ಬಿರುಕನ್ನೂ ತೋರಿಸಿ, ಹೂಂ ಎಂದೂ ಹೇಳಿ, ಇಬ್ಬರೂ ಒಂದೊಂದು ಸೈಕಲ್ ತಳ್ಳಿಕೊಂಡು ಮೇಲಕ್ಕೆ ಬಂದರು. ಮಾವ ಕೋಲನ್ನೂ ಮರೆತು ಬೀದಿಗೆ ಬಂದು ಗೋಡೆ ಹಿಡಿದು ನಿಂತಿದ್ದರು. ಇವರನ್ನು ಕಂಡು ಅವರಿಗೆ ಹೋದ ಜೀವ ಬಂದಂತಾಯಿತು.

"ಕೆರೆದು ನೋಡಿದ್ಯೇನೇ?"

"ನೋಡ್ದೆ ಮಾವ. ಬಿರುಕಿದೆ. ಸರಿ ಮಾಡ್ತೀನಿ."

ಮಾವ ಅವನನ್ನು ಮೇಲಿಂದ ಕೆಳಗಿನವರೆಗೂ ಅಳೆದರು. "ಇವ್ರನ್ನ?"

"ಇವ್ರನ್ನೂ ಕೆರೆದು ನೋಡಿದೀನಿ," ಎಂದಳು ಸೈಕಲಕ್ಕ. "ಸೈಕಲ್ ಹೊಡೆಯೋಕೆ ಬರಲ್ಲ, ಅಷ್ಟೇ. ಕಲಿಸ್ತೀನಿ."