ಹಿಟ್ಟಿನ ಪೀಪಾಯಿಯಲ್ಲಿ ಬಾಲಯೇಸು

"ಮೊದಲು ಅವರ ಎದೆ ಮೇಲಿಂದ ಇಳೀರಿ!"

ಖಾಲಿ ಚರ್ಚಿನೊಳಗೆ ಲೂರ್ದಮ್ಮನ ದನಿ ಗೋಡೆಗೆ ತಾಗಿ ಅವಳಿಗೇ ವಾಪಸು ಬಂತು. ಹಚ್ಚಲು ತಂದ ಮೇಣದಬತ್ತಿ ಹಿಡಿದುಕೊಂಡೇ ದಾಪುಗಾಲು ಹಾಕಿ ಮುಂದೆ ಬಂದಳು. ಊಟಿಯ ಬೆಳಗಿನ ಚಳಿಯೂ ಅವಳ ಸಿಟ್ಟನ್ನು ತಣಿಸಿರಲಿಲ್ಲ.

ಚಿಕ್ಕಂದಿನಿಂದ ಅವಳು ಕೈಮುಗಿದುಕೊಂಡು ಬಂದ ಸಂತ ಅಂತೋಣಿಯವರ ಮರದ ಪ್ರತಿಮೆ ಬೆಂಚಿನ ಮೇಲೆ ಅಂಗಾತ ಮಲಗಿತ್ತು. ಅದರ ಎದೆಯ ಮೇಲೆ ಮೊಣಕಾಲೂರಿ, ಇಕ್ಕಳ ಹಿಡಿದು, ಯಾರೋ ಒಬ್ಬ ಅಪರಿಚಿತ ಅದರ ತೋಳಿನ ಮೊಳೆ ಕೀಳುತ್ತಿದ್ದ.

ಅವನು ತಲೆಯೆತ್ತಿದ. ಕೂದಲ ತುಂಬ ಮರದ ಪುಡಿ.

"ಇಳಿದರೆ ಮೊಳೆ ಬರೋದಿಲ್ಲ ಅಮ್ಮ. ಇವರ ಬೆನ್ನಿಗೆ ಗೆದ್ದಲು ಹಿಡಿದಿದೆ. ಹಬ್ಬದ ಮೆರವಣಿಗೇಲಿ ನಿಮ್ಮ ತಲೆ ಮೇಲೇ ಬೀಳಲಿ ಅಂತೀರಾ?"

"ಬಿದ್ದರೆ ಬೀಳಲಿ. ಅವರಿಗೆ ನೋವಾಗೋದಿಲ್ವಾ?"

ಅವನು ಮೆಲ್ಲನೆ ಕೆಳಗಿಳಿದು, ಹೆಗಲ ಮೇಲಿದ್ದ ಕಂಬಳಿ ತೆಗೆದು ಮಡಿಸಿ, ಪ್ರತಿಮೆಯ ಎದೆಯ ಮೇಲಿಟ್ಟ. ಆಮೇಲೆ ಅದರ ಮೇಲೆ ಮೊಣಕಾಲೂರಿದ.

"ಈಗ ಸರೀನಾ?"

ಆ ಚಳಿಯಲ್ಲಿ ಅವನ ಮೈಮೇಲೆ ಉಳಿದದ್ದು ಒಂದು ತೆಳು ಅಂಗಿ ಮಾತ್ರ... ಲೂರ್ದಮ್ಮ ಮೇಣದಬತ್ತಿಯನ್ನು ಖಾಲಿ ಪೀಠದ ಮುಂದೆ ಹಚ್ಚಿಟ್ಟು ಸರಸರನೆ ಹೊರಟುಬಿಟ್ಟಳು.

ಬಾಗಿಲ ಹತ್ತಿರ ಒಮ್ಮೆ ತಿರುಗಿ ನೋಡಿದಳು. ಅವನು ಕೆಲಸ ನಿಲ್ಲಿಸಿ, ಆ ಬತ್ತಿಗೆ ಗಾಳಿ ತಾಗದಂತೆ ಒಂದು ಹಲಗೆ ಅಡ್ಡ ಇಡುತ್ತಿದ್ದ.

ಅದು 1927ನೇ ಇಸವಿ. ಅವನ ಹೆಸರು ಇನ್ನಾಸಪ್ಪ. ಮೈಸೂರು ಸೀಮೆಯ ಮಿಷನ್ನಿನ ಅನಾಥಾಲಯದಲ್ಲಿ ಬೆಳೆದು, ಅಲ್ಲೇ ಮರಗೆಲಸ ಕಲಿತವನು. ಚರ್ಚಿನ ರಿಪೇರಿಗೆಂದು ಅಲ್ಲಿನ ಪಾದ್ರಿ ಸ್ವಾಮಿಗಳು ಕರೆಸಿಕೊಂಡಿದ್ದರು.

ಲೂರ್ದಮ್ಮನ ಅಪ್ಪ ಚೌರಪ್ಪನಿಗೆ ಬಜಾರಿನಲ್ಲಿ ರೊಟ್ಟಿ ಅಂಗಡಿ. ಮಂಗಳವಾರ ಬಂತೆಂದರೆ ಅಲ್ಲಿ ಅಂತೋಣಿಯವರ ಹೆಸರಿನಲ್ಲಿ ಪುಟ್ಟ ಪುಟ್ಟ ಬನ್ನು ಬೇಯುತ್ತಿದ್ದವು. ಪ್ರತಿಯೊಂದರ ನೆತ್ತಿಯ ಮೇಲೂ ಲೂರ್ದಮ್ಮ ಚಾಕುವಿನಿಂದ ಶಿಲುಬೆಯ ಗೀಟು ಹಾಕುತ್ತಿದ್ದಳು. ಪ್ರಾರ್ಥನೆ ಮುಗಿದ ಮೇಲೆ ಬಡವರಿಗೆ ಹಂಚುವ ರೊಟ್ಟಿ ಅದು.

ಅಂಗಡಿಗೆ ಹಾಲು ತರುವ ಬೆಟ್ಟದ ಬಡಗ ಸಮುದಾಯದ ಹೆಂಗಸು, ಹಾಲಿ ಎಂಬವಳೂ, ಮಂಗಳವಾರ ಚರ್ಚಿನ ಬಾಗಿಲಿಗೆ ಬಂದು ಒಂದು ಬತ್ತಿ ಹಚ್ಚುತ್ತಿದ್ದಳು.

"ನಿನ್ನ ಅಂತೋಣಿಯಯ್ಯ ಕಳೆದುಹೋದ ನನ್ನ ಎಮ್ಮೇನ ಹುಡುಕಿಕೊಟ್ಟ, ಹೆಣ್ಣೇ. ಬತ್ತಿ ಹಚ್ಚದಿದ್ದರೆ ಮತ್ತೆ ಕಳೆದುಬಿಟ್ಟಾನು," ಅನ್ನುತ್ತಿದ್ದಳು.

ದಿನ ಕಳೆದಂತೆ ಲೂರ್ದಮ್ಮ ಒಂದೊಂದೇ ಗಮನಿಸಿದಳು. ಅವಳು ಮೊಣಕಾಲೂರುವ ಹಲಗೆಯ ಸಿಬಿರಿಗೆ ಈಗ ಸೀರೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಯಾರೋ ಉಜ್ಜಿ ನುಣುಪು ಮಾಡಿದ್ದರು. ಅವಳ ಅಜ್ಜಿ ಕೂರುವ ಕುಂಟ ಬೆಂಚು ಅಲುಗಾಡುವುದು ನಿಂತಿತ್ತು.

ಅವಳೂ ಸುಮ್ಮನಿರಲಿಲ್ಲ. ಅವನ ಉಳಿಪೆಟ್ಟಿಗೆಯ ಮೇಲೆ ಬಿಸಿ ಬನ್ನೊಂದು ಕೂತಿರುತ್ತಿತ್ತು. ಇಟ್ಟವರು ಯಾರೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಸಂತರು ಮತ್ತೆ ಪೀಠವೇರಿದ ದಿನ ಅವನು ಅವಳನ್ನು ಹತ್ತಿರ ಕರೆದ.

"ನೋಡಿ, ಇವರ ತೋಳಿನ ಬಾಲಯೇಸುವಿಗೆ ಮೊಳೆ ಹೊಡೆದಿಲ್ಲ. ಮರದ ಗೂಟ ಮಾಡಿದ್ದೀನಿ. ಎಡಕ್ಕೆ ತಿರುಗಿಸಿದರೆ ಮಗು ಕೈಗೆ ಬರುತ್ತೆ. ಸೋಮವಾರ ಧೂಳು ಒರೆಸೋರು ನೀವು ತಾನೆ? ನಿಮಗೊಬ್ಬರಿಗೆ ಗೊತ್ತಿದ್ದರೆ ಸಾಕು."

*ನನಗೊಬ್ಬಳಿಗೆ...* ಆ ಮಾತನ್ನು ಅವಳು ಮನೆಯವರೆಗೂ ಮನಸ್ಸಿನಲ್ಲೇ ಹೊತ್ತುಕೊಂಡು ಹೋದಳು.

ಮೇ ತಿಂಗಳ ಕೊನೆಯಲ್ಲಿ ಮೈಸೂರಿನಿಂದ ಒಂದು ಸಂಬಂಧ ಬಂತು. ಹುಡುಗ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವನು.

ಇನ್ನಾಸಪ್ಪ ಆ ದಿನ ಅಂಗಡಿಯ ಕಪಾಟು ಸರಿಮಾಡುತ್ತಿದ್ದ. ಚೌರಪ್ಪ ಅವನನ್ನೇ ಕೇಳಿದ.

"ನೀನೂ ಆ ಕಡೆಯವನಲ್ವೇನಪ್ಪ? ಹೇಳು, ಹೇಗೆ ಸಂಬಂಧ?"

ಪರದೆಯ ಹಿಂದೆ ಹಿಟ್ಟು ನಾದುತ್ತಿದ್ದ ಲೂರ್ದಮ್ಮನ ಕೈ ನಿಂತಿತು. *ಬೇಡ ಅನ್ನು. ಏನಾದರೂ ಒಂದು ಕುಂಟುನೆಪ ಹೇಳು...*

ಆಚೆ ಉಳಿಯ ಸದ್ದೂ ನಿಂತಿತ್ತು.

"ಒಳ್ಳೆ ಸಂಬಂಧ, ಯಜಮಾನ್ರೇ," ಅಂದ ಇನ್ನಾಸಪ್ಪ.

ಲೂರ್ದಮ್ಮ ಹಿಟ್ಟಿನ ಮುದ್ದೆಯನ್ನೆತ್ತಿ ಮಣೆಯ ಮೇಲೆ ದಬಾರನೆ ಕುಕ್ಕಿದಳು.

"ಹಿಟ್ಟು ಏನು ತಪ್ಪು ಮಾಡ್ತು ಮಗಾ?" ಮೂಲೆಯಲ್ಲಿ ಜಪಮಾಲೆ ಎಣಿಸುತ್ತಿದ್ದ ಅಜ್ಜಿ ಕೇಳಿದಳು. ಮೊಮ್ಮಗಳ ಮುಖ ನೋಡಿ, ದನಿ ತಗ್ಗಿಸಿದಳು. "ನನ್ನ ತವರು ಗಂಜಾಮಿನಲ್ಲಿ ಹುಡುಗೀರು ಏನು ಮಾಡ್ತಿದ್ದರು ಗೊತ್ತಾ? ಅಂತೋಣಿಯವರ ಕೈಯಿಂದ ಮಗೂನ ತೆಗೆದು ಬಚ್ಚಿಡೋರು. ಕೇಳಿದ್ದು ಕೊಟ್ಟರೆ ಮಗು ವಾಪಸು. ಪಾಪ, ಮಗು ಇಲ್ಲದೆ ಅವರಿಗೆ ಇರೋಕಾಗುತ್ತಾ? ಓಡಾಡಿ ಕೆಲಸ ಮಾಡಿಕೊಡೋರು. ನಿಮ್ಮ ತಾತ ಸುಮ್ನೆ ಸಿಕ್ಕಿದರು ಅಂದ್ಕೊಂಡಿದೀಯಾ?"

"ಬೇಡಿದ್ದು ಸಿಗೋ ಮುಂಚೆ ಮಗೂನ ವಾಪಸು ಕೊಟ್ಟರೆ?"

"ಹಾಗೆ ಕೊಟ್ಟರೆ ಮುಗೀತು. ಅದು ಮತ್ತೆ ಯಾವತ್ತೂ ಕೈಗೂಡೋದಿಲ್ಲ."

ಅಜ್ಜಿ ಹೇಳಿದ್ದು ಮನೆಯ ಪುಟ್ಟ ಪ್ರತಿಮೆಗಳ ಮಾತು. ಆದರೆ ಲೂರ್ದಮ್ಮನ ಮನೆಯಲ್ಲಿದ್ದದ್ದು ಕಾಗದದ ಪಟ. ಕಾಗದದಿಂದ ಮಗುವನ್ನು ತೆಗೆಯುವುದು ಹೇಗೆ?

ಸೋಮವಾರ ಧೂಳು ಒರೆಸಲು ಹೋದವಳು ಸುತ್ತ ನೋಡಿದಳು. ಗೂಟವನ್ನು ಎಡಕ್ಕೆ ತಿರುಗಿಸಿದಳು. ಮಗು ಅಂಗೈಗೆ ಬಂತು.

"ಅವರು ಬಾಯಿಬಿಟ್ಟು ನನ್ನನ್ನ ಕೇಳಲಿ," ಅಂತೋಣಿಯವರ ಕಿವಿಯಲ್ಲಿ ಪಿಸುಗುಟ್ಟಿದಳು. "ಅಲ್ಲೀವರೆಗೂ ನಿಮ್ಮ ಮಗು ನನ್ನ ಹತ್ತಿರ. ಚೆನ್ನಾಗಿ ನೋಡ್ಕೋತೀನಿ, ಯೋಚನೆ ಮಾಡಬೇಡಿ."

ಮನೆಗೆ ತಂದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಹಿಟ್ಟಿನ ಪೀಪಾಯಿಯೊಳಗೆ ಹುದುಗಿಸಿಟ್ಟಳು.

ಮರುದಿನ ಮಂಗಳವಾರ. ಪ್ರಾರ್ಥನೆಗೆ ಬಂದವರೆಲ್ಲ ನೋಡಿದ್ದು ಬರಿದಾದ ತೋಳನ್ನು!

ಅಲ್ಲಿಯವರೆಗೆ ಲೂರ್ದಮ್ಮನಿಗೆ ಆ ಯೋಚನೆಯೇ ಬಂದಿರಲಿಲ್ಲ. ಅದು ಅವಳೊಬ್ಬಳ ಸಂತರಲ್ಲ, ಊರಿನ ಸಂತರು.

"ಗೋವೆಯಿಂದ ಬಂದ ಮಗು," ಚರ್ಚನ್ನು ನೋಡಿಕೊಳ್ಳುತ್ತಿದ್ದ ಉಪದೇಶಿ ಅರುಳಪ್ಪ ಇನ್ನಾಸಪ್ಪನತ್ತ ಬೆರಳು ತೋರಿಸಿದ. "ಈ ಮೇಸ್ತ್ರಿ ಕೈ ಹಾಕೋವರೆಗೂ ಭದ್ರವಾಗಿತ್ತು ಸ್ವಾಮಿ. ನೋಡಿ, ಮೊಳೆ ಕಿತ್ತು ಗೂಟದ ತೂತು ಮಾಡಿದ್ದಾನೆ. ಯಾಕೆ ಇಟ್ಟ ಅಂತ ಈಗ ಗೊತ್ತಾಗ್ತಿದೆ."

ಜನ ಗುಜುಗುಜು ಅಂದರು. ಸ್ವಾಮಿಗಳು ಇನ್ನಾಸಪ್ಪನ ಕಡೆ ತಿರುಗಿದರು. "ನಿನಗೇನಾದರೂ ಗೊತ್ತಾ, ಇನ್ನಾಸಿ?"

ಇನ್ನಾಸಪ್ಪ ಗೂಟದ ತೂತನ್ನು ಬೆರಳಿನಿಂದ ಸವರಿದ. ಮುರಿದಿರಲಿಲ್ಲ, ಸರಿಯಾಗಿ ತಿರುಗಿಸಿ ತೆಗೆದದ್ದು. ಅವನ ಕಣ್ಣು ಹೆಂಗಸರ ಸಾಲಿನತ್ತ ಹೋಗಿ ಲೂರ್ದಮ್ಮನ ಮೇಲೆ ಒಂದು ಗಳಿಗೆ ನಿಂತು, ಹಿಂದಿರುಗಿತು.

"ನನ್ನ ಕೆಲಸ, ನನ್ನ ಜವಾಬ್ದಾರಿ ಸ್ವಾಮಿ. ಹಬ್ಬದೊಳಗೆ ಹೊಸ ಬಾಲಯೇಸುವನ್ನ ಕೆತ್ತಿಕೊಡ್ತೀನಿ. ಆಮೇಲೆ ಊರು ಬಿಟ್ಟು ಹೋಗ್ತೀನಿ."

*ಅವರಿಗೆ ಗೊತ್ತು! ಗೊತ್ತಿದ್ದೂ ನನ್ನ ಹೆಸರು ಹೇಳಲಿಲ್ಲ...*

ಮಧ್ಯಾಹ್ನ ಅವಳು ಚರ್ಚಿನ ಹಿಂದಿನ ಶೆಡ್ಡಿಗೆ ಓಡಿದಳು. ಅವನು ಮರದ ತುಂಡೊಂದನ್ನು ಕೆತ್ತುತ್ತಿದ್ದ.

"ನೀವು ಯಾಕೆ ಸುಮ್ಮನಿದ್ದಿರಿ?"

"ಮಗೂನ ಯಾಕೆ ತಗೋತಾರೆ ಅಂತ ನನಗೂ ಗೊತ್ತು. ಅನಾಥಾಲಯದ ಅಡಿಗೆಯ ಹೆಂಗಸರು ಹೇಳ್ತಿದ್ದರು." ಅವನು ಅವಳತ್ತ ನೋಡಲಿಲ್ಲ. "ಕ್ಲಾರಿನೆಟ್ಟಿನವರು ಪುಣ್ಯವಂತರು. ಮದುವೆ ಗಟ್ಟಿ ಆಗೋವರೆಗೂ ಇಟ್ಕೊಳ್ಳಿ. ನಡುವೆ ವಾಪಸು ಕೊಟ್ಟರೆ ಹರಕೆ ಕೆಡುತ್ತೆ."

"ಅಯ್ಯೋ, ಅದು ಅವರಿಗೋಸ್ಕರ..."

"ಮೇಸ್ತ್ರೀ, ಸ್ವಾಮಿಗಳು ಕರೀತಾರೆ," ಅನ್ನುತ್ತಾ ಅರುಳಪ್ಪ ಒಳಗೆ ಬಂದ. ಲೂರ್ದಮ್ಮ ಹೊರಬಂದಳು. ಮತ್ತೊಮ್ಮೆ ಹೋಗುವ ಧೈರ್ಯ ಬರಲಿಲ್ಲ. ಹೆಣ್ಣಾಗಿ ತಾನೇ ಹೋಗಿ ಹೇಳುವುದೇ?

ಅಂತೋಣಿಯವರ ಹಬ್ಬದ ಬೆಳಿಗ್ಗೆ ಹಾಲಿ ಹಾಲಿನ ಜೊತೆ ಸುದ್ದಿಯನ್ನೂ ತಂದಳು.

"ಆ ಮರದ ಕೆಲಸದ ಹುಡುಗ ಹಾಸಿಗೆ ಸುತ್ತಿಟ್ಟಿದ್ದಾನೆ. ಪೂಜೆ ಮುಗಿದ ಮೇಲೆ ರೈಲಿಗೆ ಹೋಗ್ತಾನಂತೆ. ದಾರಿಯಲ್ಲಿ ಜನ ಅವನ ಮುಖ ಕೂಡ ನೋಡ್ತಿಲ್ಲ, ಹೆಣ್ಣೇ."

ಲೂರ್ದಮ್ಮ ಪೀಪಾಯಿಯ ಮುಂದೆ ಕೂತಳು. ಮಗುವನ್ನು ಕೊಟ್ಟರೆ ಬೇಡಿದ್ದು ಎಂದೂ ಸಿಗುವುದಿಲ್ಲ. ಕೊಡದಿದ್ದರೆ ಅವನು ಕಳ್ಳನೆಂಬ ಹೆಸರು ಹೊತ್ತು ಬೆಟ್ಟ ಇಳಿಯುತ್ತಾನೆ.

ಹಿಟ್ಟಿನೊಳಗೆ ಕೈ ಹಾಕಿದಳು. ಕಣ್ಣೀರು ಹಿಟ್ಟಿಗೆ ಬಿದ್ದು ಸಣ್ಣ ಉಂಡೆಯಾಯಿತು.

"ಸೋತೆ ಅಂತೋಣಿಯವರೇ," ಅಂದಳು ಮೆಲ್ಲಗೆ. "ನನಗೇನೂ ಬೇಡ. ಅವರ ಹೆಸರು ಉಳಿಸಿ, ಅಷ್ಟು ಸಾಕು."

ಪೂಜೆ ಮುಗಿದಿತ್ತು. ಹೊರಗೆ ಜಿಟಿಜಿಟಿ ಮಳೆ. ಮೆರವಣಿಗೆಗೆ ಮುಂಚೆ ಪ್ರತಿಮೆಗೆ ಹೊಸ ಮಗುವನ್ನು ಕೂರಿಸಬೇಕು. ಬಟ್ಟೆಯಲ್ಲಿ ಸುತ್ತಿದ್ದ ಅದನ್ನು ಹಿಡಿದು ಇನ್ನಾಸಪ್ಪ ಪೀಠದ ಪಕ್ಕ ನಿಂತಿದ್ದ. ಉಳಿಪೆಟ್ಟಿಗೆ, ಹಾಸಿಗೆ ಆಗಲೇ ಬಾಗಿಲ ಬಳಿ ಕಾಯುತ್ತಿದ್ದವು.

ಲೂರ್ದಮ್ಮ ಬನ್ನಿನ ಬುಟ್ಟಿ ಹೊತ್ತು ನಡುವಿನ ದಾರಿಯಲ್ಲಿ ನಡೆದು ಬಂದಳು. ಬನ್ನುಗಳ ಮಧ್ಯದಿಂದ ಬಾಲಯೇಸುವನ್ನು ಎತ್ತಿದಳು. ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡು ಮಗು ಬೆಳ್ಳಗಿತ್ತು.

"ಮೇಸ್ತ್ರಿಯವರ ತಪ್ಪಿಲ್ಲ ಸ್ವಾಮಿ. ತೆಗೆದವಳು ನಾನು."

ಚೌರಪ್ಪ ಇದ್ದಲ್ಲೇ ಬೆಂಚಿನ ಮೇಲೆ ಕುಸಿದ. ಅರುಳಪ್ಪ ಶಿಲುಬೆಯ ಗುರುತು ಹಾಕಿಕೊಂಡ.

ಸ್ವಾಮಿಗಳು ಅವಳನ್ನೇ ನೋಡಿದರು. "ಏನೋ ಬೇಡಿಕೊಂಡಿದ್ದೆ ಅನ್ನಿಸುತ್ತೆ. ಸಿಕ್ಕಿತಾ ಮಗಳೇ?"

"ಇಲ್ಲ ಸ್ವಾಮಿ."

"ಮತ್ತೆ ಯಾಕೆ ವಾಪಸು ತಂದೆ?"

"ನಾನು ಬೇಡಿದ್ದಕ್ಕೆ ಇನ್ನೊಬ್ಬರ ಹೆಸರು ಕೆಡಬಾರದು..." ಅವಳ ದನಿ ಸಣ್ಣದಾಯಿತು. "ಅದರಲ್ಲೂ, ಯಾರನ್ನ ಬೇಡಿದ್ದೆನೋ ಅವರದೇ ಹೆಸರು."

ಹೆಂಗಸರ ಸಾಲೆಲ್ಲ ಒಟ್ಟಿಗೆ ಇನ್ನಾಸಪ್ಪನತ್ತ ತಿರುಗಿತು.

ಇನ್ನಾಸಪ್ಪನ ಕೈ ಸಡಿಲವಾಗಿ ಬಟ್ಟೆ ಜಾರಿತು. ಹೊಸ ಮಗು ಕಾಣಿಸಿತು. ದುಂಡು ಕೆನ್ನೆ, ನಗುವ ತುಟಿ. ಸ್ವಾಮಿಗಳು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಇದೇನು ಇನ್ನಾಸಿ? ಬಾಲಯೇಸುವಿನ ಕೈಯಲ್ಲಿ ಭೂಮಿಯ ಗೋಳ ಇರಬೇಕಲ್ಲ?"

"ಗೋಳವನ್ನೇ ಕೆತ್ತೋಕೆ ಕೂತೆ ಸ್ವಾಮಿ..." ಅವನ ಕಿವಿ ಕೆಂಪಾಗಿತ್ತು. "ಆದರೆ ಉಳಿಗೆ ಬಂದದ್ದು ಇದು."

ಪುಟ್ಟ ಅಂಗೈಯಲ್ಲಿ ಒಂದು ಪುಟ್ಟ ಬನ್ನು. ನೆತ್ತಿಯ ಮೇಲೆ ಶಿಲುಬೆಯ ಗೀಟು. ಲೂರ್ದಮ್ಮನ ಕೈ ಹಾಕುವ ಹಾಗೆಯೇ, ಸ್ವಲ್ಪ ಓರೆಯಾಗಿ.

ಅವಳು ಅದನ್ನು ನೋಡಿದಳು. ಅವನನ್ನು ನೋಡಿದಳು. ಇನ್ನು ಬಾಯಿಬಿಟ್ಟು ಕೇಳುವುದೇನಿತ್ತು?

ಆಗ ಮುಂದಿನ ಬೆಂಚಿನಿಂದ ಅಜ್ಜಿ ಎದ್ದಳು. ಕೋಲೂರಿಕೊಂಡು ದಾರಿ ದಾಟಿ, ಇನ್ನಾಸಪ್ಪನ ಪಕ್ಕ ಹೋಗಿ ನಿಂತಳು.

"ಇವತ್ತಿಂದ ನಾನು ಹುಡುಗನ ಕಡೆಯವಳು. ಏನಪ್ಪ ಚೌರಪ್ಪ, ನಮ್ಮ ಹುಡುಗನಿಗೆ ನಿನ್ನ ಮಗಳನ್ನ ಕೊಡ್ತೀಯಾ?"

"ಅವ್ವಾ, ಆ ಕ್ಲಾರಿನೆಟ್..."

"ಅವನು ಊದ್ಕೊಂಡಿರಲಿ ಬಿಡು. ಕೊಡ್ತೀಯೋ ಇಲ್ವೋ?"

ಚೌರಪ್ಪ ಮಗಳ ಹಿಟ್ಟು ಮೆತ್ತಿದ ಕೈಗಳನ್ನು ನೋಡಿದ. ಅವಳು ಸತ್ಯ ಹೇಳಿ ಅವನ ತಲೆ ತಗ್ಗಿಸಿದ್ದಳೋ ಎತ್ತಿದ್ದಳೋ ಅವನಿಗೇ ತಿಳಿಯಲಿಲ್ಲ. ಆದರೆ ಕಣ್ಣು ಮಾತ್ರ ತುಂಬಿಕೊಂಡಿತ್ತು.

"ಕೊಡ್ದೆ ಇರೋಕಾಗುತ್ತಾ? ಕೊಡದಿದ್ದರೆ ನಾಳೆ ಇನ್ಯಾವ ಸಂತರ ಮಗೂನ ತರ್ತಾಳೋ."

ಸ್ವಾಮಿಗಳೇ ಮೊದಲು ನಕ್ಕರು. ಆಮೇಲೆ ಚರ್ಚೆಲ್ಲ ನಕ್ಕಿತು. ಅರುಳಪ್ಪ ಮಾತ್ರ ನಗಲಿಲ್ಲ. ಸುಮ್ಮನೆ ಬಾಗಿಲ ಬಳಿ ಹೋಗಿ, ಇನ್ನಾಸಪ್ಪನ ಉಳಿಪೆಟ್ಟಿಗೆಯನ್ನು ತಾನೇ ಹೊತ್ತು ಒಳಗೆ ತಂದಿಟ್ಟ. ಇನ್ನಾಸಪ್ಪ ಅವನ ಕೈ ಹಿಡಿದುಕೊಂಡ.

"ನನ್ನ ಎಮ್ಮೆಗಿಂತ ಬೇಗ ಸಿಕ್ಕಿತಲ್ಲ, ಹೆಣ್ಣೇ," ಅಂದಳು ಹಾಲಿ ಬಾಗಿಲಿನಿಂದ.

ಮೆರವಣಿಗೆ ಮುಗಿದಾಗ ಮಳೆ ನಿಂತು ಬಿಸಿಲು ಬಂದಿತ್ತು. ಗೋವೆಯ ಮಗು ಅಂತೋಣಿಯವರ ತೋಳಿಗೆ ಮರಳಿತ್ತು. ಹೊಸ ಮಗುವನ್ನು ಮಡಿಲಲ್ಲಿಟ್ಟುಕೊಂಡು ಲೂರ್ದಮ್ಮ ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ದಳು. ಒಂದು ಮೆಟ್ಟಿಲು ಕೆಳಗೆ ಇನ್ನಾಸಪ್ಪ.

"ನೀವೇ ಯಾಕೆ ಮೊದಲು ಕೇಳಲಿಲ್ಲ?"

"ಹೆಣ್ಣು ಕೇಳೋಕೆ ಹಿರಿಯರು ಬರಬೇಕು. ನನಗೆ ಯಾರಿದ್ದಾರೆ?" ಅವನು ನಕ್ಕ. "ದಿನಾ ಉಳಿ ಹಿಡಿಯೋ ಮುಂಚೆ ಅಂತೋಣಿಯವರಿಗೇ ಹೇಳ್ತಿದ್ದೆ. ನನ್ನ ಕಡೆಯಿಂದ ನೀವೇ ಅವರ ಮನೆಗೆ ಹೋಗಿ ಬನ್ನಿ ಅಂತ."

"ಅವರು ಬರಲೇ ಇಲ್ಲವಲ್ಲ."

"ಮಗೂನ ಕಳಿಸಿದರಲ್ಲ."

ಲೂರ್ದಮ್ಮ ಮಡಿಲಿನ ಮಗುವಿನ ಪುಟ್ಟ ಬನ್ನನ್ನು ಬೆರಳಿನಿಂದ ಸವರಿದಳು.

"ಇದು ನಮ್ಮ ಮನೇಲಿರಲಿ," ಅಂದ ಅವನು ಮೆಲ್ಲಗೆ. "ಆದರೆ ನನ್ನ ಮೇಲೆ ಸಿಟ್ಟು ಬಂದರೆ ಎಲ್ಲಿ ಬಚ್ಚಿಡ್ತೀಯ, ಈಗಲೇ ಹೇಳಿಬಿಡು."

ಅವನು ಅವಳನ್ನು 'ನೀನು' ಅಂದದ್ದು ಅದೇ ಮೊದಲು.

"ಹಿಟ್ಟಿನ ಪೀಪಾಯಿಯಲ್ಲೇ," ಅಂದಳು ಲೂರ್ದಮ್ಮ. "ನಿಮಗೆ ಬೇಗ ಸಿಗಲಿ ಅಂತ."